ಕಾಲೊನಿ ಮನೆ ಸಿಕ್ಕಿತು, ಮುಂದೇನು?



ಸಂಘದ ಸಭೆಗಳಲ್ಲಿ ಮನೆಯ ಮಾತು ಬಂದಾಗಲೆಲ್ಲ "ಸರಕಾರ ಒಂದು ಮನೆ ಕೊಟ್ರೆ ಸಾಕು ಸಿಸ್ಟರ್" ಅನ್ನುವುದನ್ನು ಕೇಳುತ್ತಿರುತ್ತೇವೆ. ಬಾಳೆಲೆ ಸುತ್ತಮುತ್ತ ಲೈನ್ ಮನೆಯಲ್ಲಿ ಹುಟ್ಟಿ, ಇನ್ನೊಂದು ಲೈನ್ ಮನೆಗೇ ಸೊಸೆಯಾಗಿ ಹೋದವರು ಹೀಗೆ ಹೇಳುವುದು ಸಹಜ. ತೋಟದಲ್ಲಿ ಕೆಲಸ ಇರುವ ತನಕ ಆ ಮನೆ. ಕೆಲಸ ಬಿಟ್ಟರೆ ಪಾತ್ರೆಪಗಡೆ ಹೊರಗೆ. ಆದರೆ ಸರಕಾರದ ಮನೆ ಸಿಕ್ಕಿದ ಮೇಲೂ ಕೆಲಸ ಬಾಕಿ ಇರುತ್ತದೆ. ಒಂದು ಕಾಲೊನಿ ಹುಟ್ಟಿ, ಹಳತಾಗಿ, ಬಿದ್ದು, ಮತ್ತೆ ಕಟ್ಟುವ ಮಾತು ಬಂದಾಗ ಅಲ್ಲಿನ ಬಡವರಿಗೆ ಏನಾಯಿತು ಅನ್ನುವುದನ್ನು ಈ ಪಾಠದಲ್ಲಿ ನೋಡೋಣ. ಅದಕ್ಕೆ ಸ್ವಲ್ಪ ದೂರ, ಬೆಂಗಳೂರಿಗೆ ಹೋಗಬೇಕು.

ಬೆಂಗಳೂರಿನ ಕೋರಮಂಗಲದ ಪಕ್ಕ ಈಜಿಪುರ ಅಂತ ಇದೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ನಗರ ಪಾಲಿಕೆ ಬಡವರಿಗಾಗಿ 42 ಕಟ್ಟಡಗಳಲ್ಲಿ 1,512 ಮನೆಗಳನ್ನು ಕಟ್ಟಿತು. ಆಗ ಅದು ಊರಿನ ಅಂಚು. ಕಸ ಗುಡಿಸುವವರು, ಮನೆಗೆಲಸದವರು, ಕೂಲಿಯವರು ಬಂದು ಸೇರಿದರು. ಕಟ್ಟಿದ್ದು ಗಟ್ಟಿಯಾಗಿರಲಿಲ್ಲ. ಹತ್ತು ಹನ್ನೆರಡು ವರ್ಷಕ್ಕೇ, 2003ರಲ್ಲಿ, ಕೆಲವು ಕಟ್ಟಡಗಳು ಕುಸಿದವು. 2007ರಲ್ಲಿ ಮತ್ತೊಂದು ಬಿತ್ತು. ಮನೆ ಅಂದರೆ ತಲೆತಲಾಂತರಕ್ಕೆ ಅಂತ ನಾವು ತಿಳಿದಿರುತ್ತೇವೆ. ಅಲ್ಲಿ ಒಂದು ತಲೆಮಾರು ಕೂಡ ಬಾಳಲಿಲ್ಲ.

ಉಳಿದ ಕಟ್ಟಡಗಳನ್ನೂ ಕೆಡವಿದರು. ಹೊಸ ಮನೆ ಬರುವ ತನಕ ಅಂತ ಜನ ಅದೇ ಜಾಗದಲ್ಲಿ ತಗಡಿನ ಶೆಡ್ ಹಾಕಿಕೊಂಡು ಕಾದರು. ಅಷ್ಟರಲ್ಲಿ ಊರು ಬೆಳೆದಿತ್ತು, ಅಂಚಿನಲ್ಲಿದ್ದ ಜಾಗ ಊರಿನ ನಡುವೆ ಬಂದು ಚಿನ್ನದ ಬೆಲೆ ಬಾಳತೊಡಗಿತ್ತು. ಸುಮಾರು 15 ಎಕರೆಯಲ್ಲಿ ಒಂದು ಭಾಗ ಬಡವರ ಮನೆಗೆ, ಇನ್ನೊಂದು ಭಾಗ ವ್ಯಾಪಾರಕ್ಕೆ ಅಂತ ಪಾಲಿಕೆ ಖಾಸಗಿ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡಿತು. 2013ರ ಜನವರಿಯಲ್ಲಿ ಪೊಲೀಸರನ್ನು ನಿಲ್ಲಿಸಿ ಜೆಸಿಬಿಯಿಂದ ಶೆಡ್‌ಗಳನ್ನು ನೆಲಸಮ ಮಾಡಿದರು. ಮಕ್ಕಳ ಪರೀಕ್ಷೆ ಹತ್ತಿರವಿದ್ದ ಹೊತ್ತು ಅದು. ಎಷ್ಟೋ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಎದುರಿನ ಫುಟ್‌ಪಾತ್ ಮೇಲೆಯೇ ತಿಂಗಳುಗಟ್ಟಲೆ ಕಳೆದರು. ಒಪ್ಪಂದ ಬೇಗ ಆಯಿತು, ತೆರವು ಬೇಗ ಆಯಿತು. ಮನೆ ಮಾತ್ರ ವರ್ಷಗಳು ಕಳೆದರೂ ಏಳಲಿಲ್ಲ.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಹೊಸ ಮನೆಯ ಲೆಕ್ಕಕ್ಕೆ ಹಿಡಿದದ್ದು ಮೊದಲು ಹಂಚಿಕೆಯಾದಾಗ ಯಾರ ಹೆಸರಿತ್ತೋ ಅವರನ್ನು. ಆದರೆ ಅಷ್ಟು ವರ್ಷದಲ್ಲಿ ಕೆಲವರು ಮನೆ ಮಾರಿದ್ದರು, ಕೆಲವರು ಬಾಡಿಗೆಗೆ ಕೊಟ್ಟಿದ್ದರು. ಬಿಳಿ ಹಾಳೆಯಲ್ಲಿ ಬರೆಸಿಕೊಂಡು ಕೊಂಡವರು, ಬಾಡಿಗೆಗೆ ಇದ್ದವರು ಎಷ್ಟು ವರ್ಷ ಬದುಕಿದ್ದರೂ ಪಟ್ಟಿಯಿಂದ ಹೊರಗೆ. ಇದು ನ್ಯಾಯ ಅಂತ ನಾವು ಹೇಳುವುದಿಲ್ಲ. ಕಚೇರಿ ನೋಡುವುದು ಕಾಗದವನ್ನು, ಕಣ್ಣೀರನ್ನಲ್ಲ, ಅಷ್ಟೆ.

ಈಗ ನಮ್ಮ ಜಿಲ್ಲೆಗೆ ಬರೋಣ. ದಿಡ್ಡಳ್ಳಿಯನ್ನು ನೀವು ಮರೆತಿರಲಿಕ್ಕಿಲ್ಲ. 2016ರ ಡಿಸೆಂಬರ್ 7ರಂದು ದೇವಮಚ್ಚಿ ಅರಣ್ಯದ ಅಂಚಿನಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಅರಣ್ಯ ಇಲಾಖೆ ಕಿತ್ತುಹಾಕಿತು. ಅಲ್ಲಿದ್ದವರಲ್ಲಿ ತುಂಬಾ ಮಂದಿ ಲೈನ್ ಮನೆ ಬಿಟ್ಟು ಬಂದ ಯರವರು, ಜೇನುಕುರುಬರು. ಹೋರಾಟದಲ್ಲಿ ಮುಂದೆ ನಿಂತವರು ಹೆಂಗಸರೇ. ಕೊನೆಗೆ 528 ಕುಟುಂಬಗಳಿಗೆ ಕುಶಾಲನಗರ ಕಡೆಯ ಬ್ಯಾಡಗೊಟ್ಟ ಮತ್ತು ಬಸವನಹಳ್ಳಿಯಲ್ಲಿ ಜಾಗ ಸಿಕ್ಕಿತು. ಮನೆ ಏಳುವ ತನಕ ಶೆಡ್ಡಿನಲ್ಲಿಯೇ ಮಳೆಗಾಲ ಕಳೆಯಬೇಕಾಯಿತು. ಕೂಲಿ ಸಿಗುತ್ತಿದ್ದ ತೋಟ, ಪರಿಚಯದ ಅಂಗಡಿ, ನೆಂಟರಿಷ್ಟರು ಎಲ್ಲ ದೂರವಾದರು. ಆದರೂ ತಮ್ಮದು ಅನ್ನುವ ಒಂದು ವಿಳಾಸ ಬಂತು. ಲೈನ್ ಮನೆಯಲ್ಲಿ ಇದ್ದವರಿಗೆ ಅದರ ಬೆಲೆ ಗೊತ್ತು. ರೇಷನ್ ಕಾರ್ಡಿಗೂ ಧಣಿಯ ಮುಖ ನೋಡಬೇಕಾಗಿದ್ದ ಕಾಲವನ್ನು ನಮ್ಮ ಸಂಘದಲ್ಲೇ ಎಷ್ಟೋ ಜನ ಕಂಡಿದ್ದೀರಿ.

ಈ ಕಾಲೊನಿಗಳು ಈಗ ಹೊಸವು. ಈಜಿಪುರವೂ ಒಂದು ಕಾಲಕ್ಕೆ ಹೊಸದೇ. ಹಾಗಾಗಿ ಗೋಡೆ ಬಿರುಕು ಬಿಡುವ ಮುಂಚೆಯೇ ಮಾಡುವ ಕೆಲಸಗಳಿವೆ. ಸರಕಾರದ ವಸತಿ ಯೋಜನೆಗಳಲ್ಲಿ ಹಕ್ಕುಪತ್ರವನ್ನು ಸಾಮಾನ್ಯವಾಗಿ ಮನೆಯ ಹೆಂಗಸಿನ ಹೆಸರಿಗೇ ಕೊಡುವುದು. ಆದರೆ ಅದು ಗಂಡನ ಪೆಟ್ಟಿಗೆಯಲ್ಲೋ, ಸಾಲ ಕೊಟ್ಟವರ ಹತ್ತಿರವೋ ಇದ್ದರೆ ಹೆಸರಿದ್ದೂ ಪ್ರಯೋಜನವಿಲ್ಲ. ಹಕ್ಕುಪತ್ರ ಅಡ ಇಟ್ಟು ಕೈಸಾಲ ತರುವುದಕ್ಕಿಂತ ಸಂಘದ ಸಾಲ ಎಷ್ಟೋ ವಾಸಿ. ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇದೆಯೇ, ನಿವೇಶನದ ನಂಬರು, ಚೆಕ್ಕುಬಂದಿ ಸರಿಯಿದೆಯೇ ನೋಡಿ. ಪಂಚಾಯಿತಿಯಲ್ಲಿ ಖಾತೆ ಮಾಡಿಸಿ, ಇ-ಸ್ವತ್ತು ದಾಖಲೆ ಕೇಳಿ, ಮನೆ ಕಂದಾಯ ಕಟ್ಟಿದ ರಸೀದಿ ಜೋಪಾನ ಮಾಡಿ. ಮನೆಯವರು ತೀರಿಕೊಂಡರೆ ಪೌತಿ ಖಾತೆಗೆ ತಡ ಮಾಡಬೇಡಿ.

ಇನ್ನೊಂದು ವಿಷಯ ಚರಂಡಿ, ನೀರಿನ ಟ್ಯಾಂಕು, ಬೀದಿದೀಪ. ಇವು ಯಾರ ಮನೆಯದ್ದೂ ಅಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ. ಕೊಡಗಿನ ಮಳೆಗೆ ಚರಂಡಿ ಕಟ್ಟಿಕೊಂಡರೆ ನೀರು ನೇರ ಗೋಡೆಯ ಬುಡಕ್ಕೆ. ಇದು ಒಬ್ಬರು ಹೋಗಿ ಹೇಳಿದರೆ ಆಗುವ ಕೆಲಸವಲ್ಲ. ಸಂಘದ ಠರಾವು ಬರೆದು ಗ್ರಾಮಸಭೆಯಲ್ಲಿ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ.

ಮುಂದಿನ ಸಭೆಯಲ್ಲಿ ಚರ್ಚೆಗೆ: ನಮ್ಮ ಸಂಘದಲ್ಲಿ ಎಷ್ಟು ಜನರ ಹತ್ತಿರ ಹಕ್ಕುಪತ್ರ ಇದೆ? ಅದು ಈ ಹೊತ್ತು ಯಾರ ಕೈಯಲ್ಲಿದೆ? ಲೈನ್ ಮನೆಯಲ್ಲಿರುವ ಸದಸ್ಯರಲ್ಲಿ ಯಾರೆಲ್ಲ ನಿವೇಶನಕ್ಕೆ ಅರ್ಜಿ ಹಾಕಿದ್ದಾರೆ, ಯಾರು ಹಾಕಿಲ್ಲ? ಉತ್ತರಗಳನ್ನು ಸಭೆಯ ಪುಸ್ತಕದಲ್ಲಿ ಬರೆದಿಡಿ.