ಹಿಂಬಾಗಿಲ ಕೀಲಿಕೈ ಯಾರ ಬಳಿ?

ವಿಶ್ವವಿದ್ಯಾಲಯದ ಯಾವುದಾದರೂ ವಿಜ್ಞಾನ ವಿಭಾಗಕ್ಕೆ ಹೋದಾಗ ಕಾರಿಡಾರಿನ ತುದಿವರೆಗೂ ಒಮ್ಮೆ ನಡೆದು ನೋಡಿ. ಅಲ್ಲೊಂದು ಎರಡನೇ ಮೆಟ್ಟಿಲು ಇರುತ್ತದೆ. ಎಷ್ಟೋ ಕಡೆ ಅದಕ್ಕೊಂದು ಕೊಲಾಪ್ಸಿಬಲ್ ಗೇಟು, ಗೇಟಿಗೊಂದು ಬೀಗ. ಕೇಳಿದರೆ ‘ಕಳ್ಳತನ ಆಗುತ್ತೆ ಸಾರ್’ ಎನ್ನುತ್ತಾರೆ. ಕೀಲಿಕೈ ಅಟೆಂಡರ್ ಬಳಿ, ಅಟೆಂಡರ್ ಊಟಕ್ಕೆ.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದಾಗ 9 ಜನ ಸತ್ತರು. ಹೊಗೆ ತುಂಬಿದ ಕಟ್ಟಡದಿಂದ ಇಳಿಯಲು ದಾರಿ ಸಿಗದೆ ಕೆಲವರು ಕಿಟಕಿಯಿಂದ ಹಾರಿದ್ದರು. 2018ರ ಡಿಸೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಸ್ಫೋಟವಾಗಿ ಯುವ ಸಂಶೋಧಕರೊಬ್ಬರು ತೀರಿಕೊಂಡರು, ಮೂವರು ಗಾಯಗೊಂಡರು.

ಬೀಗ ತೆಗೆಸುವ ಹಕ್ಕು ವಿದ್ಯಾರ್ಥಿಗೆ ಇದೆಯೇ? ಇದೆ. 2004ರಲ್ಲಿ ಕುಂಭಕೋಣಂ ಶಾಲೆಯ ಬೆಂಕಿಗೆ 94 ಮಕ್ಕಳು ಬಲಿಯಾದ ಮೇಲೆ ಅವಿನಾಶ್ ಮೆಹ್ರೋತ್ರಾ ಪ್ರಕರಣ ಸುಪ್ರೀಂ ಕೋರ್ಟ್‌ಗೆ ಬಂತು. ಸುರಕ್ಷಿತ ಶಾಲೆಯಲ್ಲಿ ಕಲಿಯುವುದೂ ಮೂಲಭೂತ ಹಕ್ಕೇ ಎಂದು ಕೋರ್ಟ್ 2009ರಲ್ಲಿ ಹೇಳಿತು. ತೀರ್ಪು ಶಾಲೆಗಳ ಕುರಿತದ್ದು, ನಿಜ. ಆದರೆ ಅದು ಆಧರಿಸಿದ ವಿಧಿಗಳಲ್ಲಿ 21ನೆಯದೂ ಒಂದು. ಜೀವದ ಹಕ್ಕು ಹದಿನೆಂಟು ತುಂಬಿದ ಕೂಡಲೇ ಮುಗಿದುಹೋಗುವುದಿಲ್ಲ. ತಪ್ಪಿಸಿಕೊಳ್ಳುವ ಬಾಗಿಲು ಹೊರಮುಖವಾಗಿ ತೆರೆಯಬೇಕು, ಕನಿಷ್ಠ 1 ಮೀಟರ್ ಅಗಲವಿರಬೇಕು, ಜನ ಒಳಗಿರುವಾಗ ಅಡ್ಡಿಯಿಲ್ಲದೆ ಬಳಸುವಂತಿರಬೇಕು ಎನ್ನುತ್ತದೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ. ಸಂಹಿತೆ ತಾನಾಗಿ ಕಾನೂನಲ್ಲ. ರಾಜ್ಯದ ನಿಯಮ, ಸ್ಥಳೀಯ ಬೈಲಾಗಳು ಅಳವಡಿಸಿಕೊಂಡಾಗ ಅದಕ್ಕೆ ಬಲ ಬರುತ್ತದೆ.

ಮೊದಲು ಕುಲಸಚಿವರಿಗೆ ಲಿಖಿತ ದೂರು ಕೊಡಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಸಾಕ್ಷಿ ಉಳಿಯುವುದಿಲ್ಲ. ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗೂ ಒಂದು ಪ್ರತಿ ಕಳಿಸಿ. ಆಮೇಲೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಉತ್ತರ ಬಾರದಿದ್ದರೆ ಗಡುವು ಮುಗಿದ 30 ದಿನದೊಳಗೆ ಮೊದಲ ಮೇಲ್ಮನವಿ. ಖಾಸಗಿ ಕಾಲೇಜು ‘ನಾವು ಆ ಕಾಯ್ದೆಗೆ ಬರಲ್ಲ’ ಎಂದರೆ ವಾದಕ್ಕೆ ಇಳಿಯಬೇಡಿ. ಆ ಕಟ್ಟಡಕ್ಕೆ ಕೊಟ್ಟ ನಿರಾಕ್ಷೇಪಣಾ ಪತ್ರದ ನಕಲನ್ನು ಅಗ್ನಿಶಾಮಕ ಇಲಾಖೆಯಲ್ಲೇ ಕೇಳಿ.

ಲ್ಯಾಬಿನ ಮಾತು ಬೇರೆ. ಸೋಡಿಯಂ ಲೋಹಕ್ಕೆ ಹೊತ್ತಿದ ಬೆಂಕಿಗೆ ನೀರು ಹಾಕಿದರೆ ಅದು ಇನ್ನಷ್ಟು ಸಿಡಿಯುತ್ತದೆ, ಅದಕ್ಕೆ ಬೇಕಾದ್ದು ಒಣ ಮರಳು. ಒಳಗೆ ಏನೇನಿದೆ ಎಂಬ ಪಟ್ಟಿ ಬಾಗಿಲ ಮೇಲಿಲ್ಲದಿದ್ದರೆ ಬಂದ ಅಗ್ನಿಶಾಮಕ ಸಿಬ್ಬಂದಿಗೂ ಅಪಾಯ. ಗಂಟೆ ಬಾರಿಸಿದರೆ, ಕೈಗೆಟುಕಿದರೆ ಮಾತ್ರ ಗ್ಯಾಸ್ ವಾಲ್ವ್ ತಿರುಗಿಸಿ, ಬಾಗಿಲೆಳೆದುಕೊಂಡು ಹೊರಡಿ. ಲಿಫ್ಟ್ ಬೇಡ. ಹೊಗೆಯಿದ್ದರೆ ಬಗ್ಗಿ ನಡೆಯಿರಿ. ಹೊರಬಂದು 112ಕ್ಕೆ ಕರೆ ಮಾಡಿ, ಸೇರುವ ಜಾಗದಲ್ಲಿ ತಲೆ ಎಣಿಸಿ. ಗಾಲಿಕುರ್ಚಿಯಲ್ಲಿರುವ ಸಹಪಾಠಿಯನ್ನು ಇಳಿಸುವವರು ಯಾರೆಂದು ಮೊದಲೇ ಗೊತ್ತಾಗಿರಬೇಕು. ಅಪಾಯದ ಹೊತ್ತಿನಲ್ಲಿ ಸಮಾನ ರಕ್ಷಣೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಕಲಂ ಕೊಟ್ಟಿದೆ.

ಅವಘಡ ನಡೆದೇಹೋದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಬೆಂಕಿಯ ವಿಷಯದ ನಿರ್ಲಕ್ಷ್ಯಕ್ಕೆ, 106ನೆಯದು ನಿರ್ಲಕ್ಷ್ಯದಿಂದಾದ ಸಾವಿಗೆ ಅನ್ವಯಿಸುತ್ತದೆ. ಠಾಣೆಯಲ್ಲಿ ಎಫ್‌ಐಆರ್ ದಾಖಲಿಸಿಕೊಳ್ಳದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದು ಕಳಿಸಬಹುದು.

ಮಾಹಿತಿ ಹಕ್ಕಿನಲ್ಲಿ ‘ಏಕೆ’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ, ದಾಖಲೆ ಕೇಳಬೇಕು. ಕೊನೆಯ ಅಣಕು ಕಾರ್ಯಾಚರಣೆಯ ವರದಿ, ಅಗ್ನಿನಂದಕಗಳನ್ನು ಮರುತುಂಬಿಸಿದ ದಿನಾಂಕ, ನಿರಾಕ್ಷೇಪಣಾ ಪತ್ರ. ಪಿಎಚ್‌.ಡಿ. ಮಾಡುವವರು ಲ್ಯಾಬಿನಲ್ಲಿ ಒಂಟಿಯಾಗಿ ಇರುವುದು ರಾತ್ರಿಯೇ ಹೆಚ್ಚು. ಆದ್ದರಿಂದ ಇನ್ನೊಂದು ಸಾಲು ಸೇರಿಸಿ: ‘ರಾತ್ರಿ 8ರ ನಂತರ ಎರಡನೇ ಮೆಟ್ಟಿಲ ಗೇಟಿನ ಕೀಲಿಕೈ ಯಾರ ಬಳಿ ಇರಬೇಕೆಂದು ಹೊರಡಿಸಿದ ಆದೇಶದ ಪ್ರತಿ ಕೊಡಿ.’