ಕಡಬಿನ ಕಿವಿ

ಬೈಲಹೊಂಗಲ,
ಮಹಾನವಮಿ ಅಮಾಸಿಯ ಮರುದಿನ

ಚಿರಂಜೀವಿ ಕೂಸೆ,

ನೀನು ಚೀನಾದಿಂದ ಸುಖರೂಪವಾಗಿ ಬೆಂಗಳೂರು ಮುಟ್ಟಿದ ಸುದ್ದಿಯನ್ನು ನಿಮ್ಮಪ್ಪ ಫೋನ್ ಮಾಡಿ ಹೇಳಿದ. ನಿನ್ನ ಉದ್ದನೆಯ ಬರಹ ಮತ್ತು ಫೋಟೋಗಳು ಅದಕ್ಕೂ ಮೊದಲೇ ಬಂದಿದ್ದವು. ಮೊಬೈಲಿನಲ್ಲಿ ಉತ್ತರ ಬರೆಯಲು ನನ್ನ ಹೆಬ್ಬೆರಳು ಒಪ್ಪುವುದಿಲ್ಲ, ಒಂದು ಅಕ್ಷರ ಒತ್ತಿದರೆ ಪಕ್ಕದ್ದು ಬೀಳುತ್ತದೆ. ಅದಕ್ಕೇ ಈ ಕಾಗದ.

ಫೋಟೋ ಅರವತ್ತಕ್ಕೂ ಹೆಚ್ಚಿವೆ. ಶಿಯಾನ್ ಊರಿನ ಕೋಟೆಗೋಡೆ, 1974ರಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸಿಕ್ಕ ಆ ಮಣ್ಣಿನ ಸಿಪಾಯಿಗಳು, ಎತ್ತರದ ಪಗೋಡಾ, ಎಲ್ಲ ಚೆಂದ. ನಿಮ್ಮಾಯಿ ಅವನ್ನೆಲ್ಲ ಸರಸರ ಸರಿಸಿ ಒಂದೇ ಫೋಟೋದ ಮೇಲೆ ನಿಂತುಬಿಟ್ಟಳು. ಅದರಲ್ಲಿ ನಿನ್ನ ಮುಖವೂ ಇಲ್ಲ. ಹಿಟ್ಟು ಮೆತ್ತಿದ ಎರಡು ಕೈ, ಉಗುರ ಸಂದಿಯಲ್ಲಿ ಕಣಕ, ಮುಂದೆ ಬಿದಿರಿನ ತಟ್ಟೆಯಲ್ಲಿ ಏಳು ಕಡಬು. ಆರು ಹೇಗೋ ಕೂತಿವೆ. ಏಳನೆಯದು ಜಾತ್ರೆಯಲ್ಲಿ ಕುಡಿದವನ ಹಾಗೆ ಪಕ್ಕದವನ ಹೆಗಲಿಗೆ ಒರಗಿದೆ. ಆಯಿ ಕನ್ನಡಕ ಏರಿಸಿ, “ಹಿಗ್ಗಸ್ರಿ, ಇನ್ನಷ್ಟು ಹಿಗ್ಗಸ್ರಿ” ಎಂದು ನನ್ನಿಂದ ದೊಡ್ಡದು ಮಾಡಿಸಿ ಅಂಚಿನ ನೆರಿಗೆ ಎಣಿಸಿದಳು. ಅಲ್ಲಿ ನಿನಗೆ ಕಲಿಸಿದ ಹೆಣ್ಣುಮಗಳ ಕಡಬಿನಲ್ಲಿ ಹದಿನಾಲ್ಕು, ನಿನ್ನದರಲ್ಲಿ ಐದು. “ಐದಾದ್ರೂ ಬಿಗಿ ಅದಾವ” ಅಂದಳು. ಐವತ್ತೊಂದು ವರ್ಷ ಆಕೆಯ ಜೊತೆ ಸಂಸಾರ ಮಾಡಿದವನಿಗೆ ಅಂಥ ಸರ್ಟಿಫಿಕೇಟ್ ಒಂದು ಸಲವೂ ಸಿಕ್ಕಿಲ್ಲ.

ಆ ಎರಡು ತಾಸಿನ ಕಡಬಿನ ಪಾಠಕ್ಕೆ ನೀನು ಕೊಟ್ಟ ರೊಕ್ಕದ ಲೆಕ್ಕ ಕೇಳಿ ಓಣಿಯ ನನ್ನ ಗೆಳೆಯ ಬಿದ್ದು ಬಿದ್ದು ನಕ್ಕ. ನಾವಿಬ್ಬರೂ ಮುಂಜಾನೆ ರಾಣಿ ಚನ್ನಮ್ಮನ ಸಮಾಧಿ ಕಡೆ ಅಡ್ಡಾಡಲು ಹೋಗುತ್ತೇವಲ್ಲ, ದಾರಿಯುದ್ದಕ್ಕೂ ಅದೇ ಮಾತು. “ಕಡಬು ಮಾಡಾಕ ಚೀನಾಕ್ಕ ಹೋಗಿ ರೊಕ್ಕಾ ಕೊಟ್ಟಾಳು? ನಮ್ಮನಿಗೆ ಬಂದಿದ್ರ ಪುಕ್ಕಟೆ ಮಾಡಸ್ತಿದ್ವಿ.” ನನಗೆ ನಗು ಬರಲಿಲ್ಲ. ಬರದಿದ್ದಕ್ಕೆ ಕಾರಣ ಉಂಟು. ನಿನಗೆ ಯಾರೂ ಹೇಳಿರಲಿಕ್ಕಿಲ್ಲ: ಗಣಪತಿ ಹಬ್ಬದಿಂದ ಈ ಮನೆಯಲ್ಲಿ ನಾನೂ ಕಡಬಿನ ಸಾಲಿಗೆ ಹೆಸರು ಹಚ್ಚಿದ್ದೇನೆ.

ಆಯಿಯ ಕೈಬೆರಳಿನ ಗೆಣ್ಣುಗಳು ಎರಡು ವರ್ಷದಿಂದ ಬಾತುಕೊಂಡಿವೆ. ಸಂಧಿವಾತ. ಆಕೆ ಯಾರ ಮುಂದೂ ಹೇಳಲಿಲ್ಲ, ಹೇಳುವ ಪೈಕಿಯೂ ಅಲ್ಲ. ಚೌತಿಯ ಮುಂಜಾನೆ ಚಾ ಕೇಳಲು ಒಳಗೆ ಹೋದವನು ಬಾಗಿಲಲ್ಲೇ ನಿಂತೆ. ಹೂರಣ ತುಂಬಿದ ಕಡಬನ್ನು ಅಂಗೈಯಲ್ಲಿಟ್ಟುಕೊಂಡು ಆಕೆ ಅಂಚು ಒತ್ತುತ್ತಿದ್ದಳು. ಒತ್ತಿದ್ದು ಕೂಡುತ್ತಿರಲಿಲ್ಲ, ಮತ್ತೆ ಬಾಯಿ ಬಿಡುತ್ತಿತ್ತು. ಮತ್ತೆ ಒತ್ತುತ್ತಿದ್ದಳು. ನಾನು ಹೊರಗೆ ಹೋಗಿ ಕೈ ತೊಳೆದು ಬಂದು ಎದುರಿಗೆ ಕೂತೆ. ಇಬ್ಬರೂ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಣಕದ ಉಂಡಿಯೊಂದನ್ನು ನನ್ನ ಕಡೆ ಉರುಳಿಸಿದಳು.

ಗಣಪ್ಪನಿಗೆ ಇಪ್ಪತ್ತೊಂದು ಕಡಬು ಆಗಬೇಕು. ನಾನು ಇಪ್ಪತ್ತೊಂದು ಮಾಡಿದೆ. ಎಂಟು ಎಣ್ಣೆಯಲ್ಲಿ ಬಾಯಿ ಬಿಟ್ಟವು. ಹೂರಣ ಬಯಲಾಗುವುದು ಅಂತ ಸಾಲಿಯಲ್ಲಿ ಮೂವತ್ತೈದು ವರ್ಷ ಹುಡುಗರಿಗೆ ಅರ್ಥ ಹೇಳಿಕೊಟ್ಟವನು, ಅದನ್ನು ಕಣ್ಣಾರೆ ನೋಡಿದ್ದು ಅವತ್ತೇ. ಎಣ್ಣೆ ಕರ್ರಗಾಯಿತು, ಬೆಲ್ಲ ಸೀದು ಮನೆಯೆಲ್ಲ ಹೊಗೆ. “ಸಾಲ್ಯಾಗ ಅಷ್ಟ ಮಂದಿಗೆ ಬುದ್ಧಿ ಕಲಸೀರಿ, ಒಂದು ಅಂಚು ಮುಚ್ಚಾಕ ಬರವಲ್ದಲ್ಲ” ಅಂದಳು ಆಯಿ. ನೀನು ರೊಕ್ಕ ಕೊಟ್ಟು ಬೈಸಿಕೊಂಡಿ, ನಾನು ಪುಕ್ಕಟೆ. ವ್ಯತ್ಯಾಸ ಅಷ್ಟೇ.

ಇಷ್ಟು ವರ್ಷ ಯಾಕೆ ಕಲಿಯಲಿಲ್ಲ ಅಂತ ನೀನು ಕೇಳಬಹುದು. ನಾನು ಏಳೆಂಟು ವರ್ಷದವನಿದ್ದಾಗ ಭಾರತ ಹುಣ್ಣಿಮೆಗೆ ನಮ್ಮ ಮನೆತನದವರೆಲ್ಲ ಚಕ್ಕಡಿ ಹೂಡಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದೆವು. ಗುಡ್ಡದ ಮೇಲೆ ಎಲ್ಲಿ ನೋಡಿದರೂ ಮೂರು ಕಲ್ಲಿನ ಒಲೆ, ಹೊಗೆ, ಭಂಡಾರದ ಹಳದಿ, “ಉಧೋ ಉಧೋ” ಎನ್ನುವ ಕೂಗು. ನಸುಕಿನಲ್ಲಿ ಎದ್ದು ನಮ್ಮ ಹೆಣ್ಣುಮಕ್ಕಳು ಕಂಬಳಿಯ ಮೇಲೆ ಗುಂಡಗೆ ಕೂತು ದೇವಿಗೆ ಎಡೆಯ ಪಡ್ಡಲಗಿ ತುಂಬಿಸಲು ಹೋಳಿಗೆ, ಕಡಬು ಮಾಡುತ್ತಿದ್ದರು. ಒಬ್ಬಾಕೆ ಉಂಡಿ ಕಟ್ಟಿದರೆ ಇನ್ನೊಬ್ಬಾಕೆ ಲಟ್ಟಿಸುವಳು, ಮತ್ತೊಬ್ಬಾಕೆ ತುಂಬುವಳು, ನಮ್ಮ ದೊಡ್ಡವ್ವ ಅಂಚು ಮುಚ್ಚುವಳು. ಮಾತೂ ಹಾಗೇ ಕೈಯಿಂದ ಕೈಗೆ ದಾಟುತ್ತಿತ್ತು, ಯಾರ ಸೊಸೆ ಬಸುರಿ, ಯಾರ ಹೊಲ ಒತ್ತಿ ಬಿತ್ತು, ಎಲ್ಲವೂ. ನಾನು ಮೆಲ್ಲಗೆ ನುಸುಳಿ ಒಂದು ಉಂಡಿಗೆ ಕೈ ಹಚ್ಚಿದೆ. “ಗಂಡಸ ಆಗಿ ಕಡಬಿಗೆ ಕೈ ಹಚ್ತಿಯೇನೊ, ಹೋಗು, ಕಟಗಿ ತಗೊಂಬಾ” ಎಂದು ಬೆನ್ನಿಗೊಂದು ಬಿತ್ತು. ಕಟ್ಟಿಗೆ ತಂದೆ. ಆಮೇಲೆ ಅರವತ್ತು ವರ್ಷ ಕಟ್ಟಿಗೆಯನ್ನೇ ತಂದೆ, ಆಮೇಲಾಮೇಲೆ ಗ್ಯಾಸ್ ಸಿಲಿಂಡರು.

ಅದಕ್ಕೇ ನಿನ್ನ ಬರಹದಲ್ಲಿ ನನಗೆ ಹಿಡಿಸಿದ್ದು ಪಗೋಡಾದ ವರ್ಣನೆ ಅಲ್ಲ. ಆ ಕಲಿಸುವಾಕೆ ನಿನ್ನ ಕೈಯಿಂದ ಲಟ್ಟಣಿಗೆ ಕಸಿದುಕೊಂಡು, ಮಾತು ಬಾರದೆ ತಲೆ ಅಲ್ಲಾಡಿಸಿ, ನಿನ್ನ ಮಣಿಕಟ್ಟು ಹಿಡಿದು ತಿರುಗಿಸಿದಳು ಎಂದು ಬರೆದೆಯಲ್ಲ, ಆ ಎರಡು ಸಾಲು. ಕೋಟೆ ನೋಡಲು ಹೋದವರಿಗೆ ಯಾರೂ ಹಾಗೆ ಮಾಡುವುದಿಲ್ಲ. ಟಿಕೀಟು ಹರಿದು ಕೊಟ್ಟು ದಾರಿ ತೋರಿಸುತ್ತಾರೆ. ತಪ್ಪು ಮಾಡಿ ತಿದ್ದಿಸಿಕೊಳ್ಳುವಷ್ಟು ಒಳಗೆ ಪರದೇಶದಲ್ಲಿ ಎಷ್ಟು ಮಂದಿ ಹೋಗುತ್ತಾರೆ?

ನೀನು ಬರೆದ ವಿಧಾನವನ್ನು ಆಯಿಗೆ ಎರಡು ಸಲ ಓದಿ ಹೇಳಿದೆ. ಮುನ್ನೂರು ಗ್ರಾಂ ಗೋಧಿಹಿಟ್ಟಿಗೆ ನೂರೈವತ್ತು ಗ್ರಾಂ ನೀರು, ಎಣ್ಣೆ ಇಲ್ಲ. “ಅದು ಆಗ್ತೈತಿ ಬಿಡ್ರಿ, ಅವರು ನೀರಾಗ ಕುದಸ್ತಾರ. ನಮ್ಮ ಜವಿ ಗೋಧಿ ಇನ್ನಷ್ಟು ನೀರ ಕುಡೀತೈತಿ” ಅಂದಳು. ಆಕೆಯ ಅಳತೆಗಳನ್ನೂ ನೋಟಬುಕ್ಕಿನಲ್ಲಿ ಬರೆದಿಡಲು ನಾನು ಕೂತಿದ್ದೆ. ಹಿಟ್ಟು ಎಷ್ಟು? ಬೇಕಾದಷ್ಟು. ನೀರು? ಹಿಡಿದಷ್ಟು. ನಾದುವುದು ಎಲ್ಲಿಯವರೆಗೆ? ಸಾಕು ಅನಿಸುವವರೆಗೆ. ಮೂರು ಸಾಲು ಬರೆದು ನೋಟಬುಕ್ಕು ಮುಚ್ಚಿದೆ.

ನಾದಿದ ಹಿಟ್ಟನ್ನು ಒದ್ದೆ ಬಟ್ಟೆ ಮುಚ್ಚಿ ಇಡುವುದಕ್ಕೆ ಅವರು ಹಿಟ್ಟನ್ನು ‘ಎಚ್ಚರಿಸುವುದು’ ಅನ್ನುತ್ತಾರಂತೆ. ನಾವು ‘ನೆನೆಯಲು ಬಿಡುವುದು’ ಅನ್ನುತ್ತೇವೆ. ನಮ್ಮ ಹಿಟ್ಟು ಮಲಗುತ್ತದೆ, ಅವರದು ಏಳುತ್ತದೆ, ಮಾಡುವ ಕೆಲಸ ಮಾತ್ರ ಒಂದೇ. ಎಲೆಕೋಸು ಸಣ್ಣಗೆ ಹೆಚ್ಚಿ ಉಪ್ಪು ಹಚ್ಚಿಟ್ಟು ಬಟ್ಟೆಯಲ್ಲಿ ನೀರು ಹಿಂಡಿ ತೆಗೆಯುವುದನ್ನು ಕೇಳಿ ಆಯಿ ತಲೆದೂಗಿದಳು. ಕಡಲೆಬೇಳೆ ಕುದಿಸಿ ಕಟ್ಟು ಬಸಿಯುವಾಗ ಒಂದು ಸೌಟು ನೀರು ಉಳಿದರೂ ಹೂರಣ ಸಡಿಲಾಗಿ ಕಡಬು ಒಡೆಯುತ್ತದೆ. ನನ್ನ ಎಂಟು ಹೋದದ್ದು ಅದೇ ಕಾರಣಕ್ಕೆ. ಮೂರು ಸಲ ಕುದಿ ಬಂದಾಗಲೂ ಒಂದೊಂದು ಬಟ್ಟಲು ತಣ್ಣೀರು ಹಾಕುವ ಸಂಗತಿ ಮಾತ್ರ ಆಕೆಗೆ ಹೊಸದು. ಹೊರಗಿನ ಹಾಳೆ ಒಡೆಯದೆ ಒಳಗಿನದು ಬೇಯಲಿ ಅಂತ ಹಾಗೆ ಮಾಡುತ್ತಾರೆ ಎಂದು ನಾನು ವಿವರಿಸಹೋದರೆ, “ತಿಳೀತು, ತಿಳೀತು, ಮುಂದ ಓದ್ರಿ” ಅಂದಳು.

ಮುಂದೆ ಓದಿದ್ದೇ ಮುಖ್ಯವಾದದ್ದು. ಹಾಳೆಯನ್ನು ನಡುವೆ ದಪ್ಪ, ಸುತ್ತ ತೆಳುವಾಗಿ ಲಟ್ಟಿಸಬೇಕು. ಗೇಣುದ್ದದ ಹಿಡಿಕೆಯಿಲ್ಲದ ಲಟ್ಟಣಿಗೆಯನ್ನು ಬಲಗೈಯಲ್ಲಿ ಅಂಚಿನಿಂದ ನಡುವಿನ ತನಕ ಉರುಳಿಸಿ ಹಿಂದೆ ತರುವುದು, ಎಡಗೈ ಹಾಳೆಯನ್ನು ಅಷ್ಟಷ್ಟೇ ತಿರುಗಿಸುವುದು. ಮಡಚಿದಾಗ ಎರಡು ತೆಳು ಅಂಚು ಸೇರಿ ಒಂದು ಹಾಳೆಯ ದಪ್ಪವಾಗುತ್ತದೆ. ಅಂಚು ಬೇಯದೆ ಉಳಿಯುವುದಿಲ್ಲ, ಕೂಡಿಸಲು ಬಲವೂ ಬೇಡ. ಇದನ್ನು ಕೇಳಿ ಆಯಿ ತನ್ನ ಬೆರಳುಗಳನ್ನೇ ಒಮ್ಮೆ ನೋಡಿಕೊಂಡಳು. “ಹಂಗಂದ್ರ ಒತ್ತೂದ ಬ್ಯಾಡ, ಹಿಂಡಿದ್ರ ಸಾಕು” ಅಂದಳು. ರಾಮದುರ್ಗದ ತವರುಮನೆಯಲ್ಲಿ ಮಗ್ಗದ ಸಪ್ಪಳದ ನಡುವೆ ಕಂಡಿಕೆ ಸುತ್ತುತ್ತ ಬೆಳೆದ ಕೈ ಅದು. ಹರಿದ ಎಳೆಯನ್ನು ಎರಡು ಬೆರಳ ತುದಿಯಲ್ಲಿ ಕೂಡಿಸುವ ಹದ ಅದಕ್ಕೆ ಗೊತ್ತು. ಅರ್ಧ ತಾಸು ಬಿಟ್ಟು ಅಡಿಗೆಮನೆಯಿಂದ ಸಪ್ಪಳ ಕೇಳಿ ಇಣುಕಿದರೆ, ನನ್ನ ಹಳೇ ರೂಲುದೊಣ್ಣೆಯನ್ನು ತೊಳೆದುಕೊಂಡು ಕಣಕದ ಮೇಲೆ ಉರುಳಿಸುತ್ತ ಕೂತಿದ್ದಾಳೆ! ಹುಡುಗರ ಅಂಗೈ ಕೆಂಪಗೆ ಮಾಡಿದ ದೊಣ್ಣೆಗೆ ನಿವೃತ್ತಿಯ ಮೇಲೆ ಒಳ್ಳೆಯ ಕೆಲಸ ಸಿಕ್ಕಿತು.

ನೀನು ಬರೆದ ಕಿವಿಯ ಕಥೆಯೂ ಚೆನ್ನಾಗಿದೆ. ಸುಮಾರು 1800 ವರ್ಷದ ಹಿಂದಿನ ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯ, ಚಳಿಗೆ ಕಿವಿ ಹುಣ್ಣಾದ ಬಡವರಿಗೆ ಔಷಧಿ ಮಾಂಸವನ್ನು ಹಿಟ್ಟಿನಲ್ಲಿ ಕಿವಿಯಾಕಾರಕ್ಕೆ ಮಡಚಿ ಬೇಯಿಸಿ ಕೊಟ್ಟನಂತೆ. ಐತಿಹ್ಯ, ಇರಲಿ. ವೈದ್ಯ ದೊಡ್ಡವನೇ, ಜ್ವರದ ಚಿಕಿತ್ಸೆಯ ಅವನ ಗ್ರಂಥ ಇಂದಿಗೂ ಅಲ್ಲಿ ಓದಿನಲ್ಲಿದೆ. ನನಗೆ ಅನಿಸಿದ್ದು ಬೇರೆ. ಸಾಲಿಯಲ್ಲಿ ನಾನು ಕಿವಿ ಹಿಂಡಿದ ಹುಡುಗರೆಲ್ಲ ಕೂಡಿ ಚೌತಿಯ ದಿನ ನನ್ನನ್ನು ನೋಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ.

ನಿನ್ನ ಹತ್ತಿರ ಒಂದು ಗುಟ್ಟು ಹೇಳುತ್ತೇನೆ. ಚೀನಾದ ಅಡಿಗೆ ಅಂತ ನಾನು ಮೊದಲು ತಿಂದದ್ದು ಕಿತ್ತೂರು ಉತ್ಸವದಲ್ಲಿ. ಅಕ್ಟೋಬರ್ 23, ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದ ದಿನ, 1824ರ ವಿಜಯದ ನೆನಪು, ಕೋಟೆಯ ಮುಂದೆ ಜನವೋ ಜನ. ‘ಚೈನೀಸ್’ ಎಂದು ಬೋರ್ಡು ಹಾಕಿದ ಗಾಡಿಯಲ್ಲಿ ಗೋಬಿ ಮಂಚೂರಿ ತಿಂದು ಅಂಗಿಯ ಮೇಲೆ ಕೆಂಪು ಕಲೆ ಮಾಡಿಕೊಂಡು ಬಂದೆ. ಆಯಿ ತಿಕ್ಕಿದಳು, ತಿಕ್ಕಿದಳು, ಹೋಗಲಿಲ್ಲ. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶ ಹೊರಡಿಸಿದಾಗ ಆಕೆ ಪೇಪರನ್ನು ನನ್ನ ಮುಖದ ಮುಂದೆ ಹಿಡಿದಳು. ಆಮೇಲೆ ಓದಿದರೆ, ಮಂಚೂರಿಯನ್ ಹುಟ್ಟಿದ್ದು 1970ರ ದಶಕದ ಮುಂಬೈಯಲ್ಲಿ, ಕೋಲ್ಕತ್ತದ ಚೀನೀ ಮನೆತನದ ನೆಲ್ಸನ್ ವಾಂಗ್ ಎಂಬ ಅಡಿಗೆಯವರ ಕೈಯಲ್ಲಂತೆ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಮೊಮೊ ತಿಂದಾಗಲೂ ಪೆಟ್ಟು ತಿಂದೆ. “ಚೀನಾದ ಕಡಬು ಭಾಳ ರುಚಿ ಐತ್ರಿ” ಅಂದೆ. ಮಾಡಿಕೊಟ್ಟ ಮುದುಕಿ ಸ್ವಚ್ಛ ಕನ್ನಡದಲ್ಲಿ, “ಇದು ನಮ್ದು, ಚೀನಾದ್ದಲ್ಲ” ಅಂದಳು. 1966ರಿಂದ ಆ ಕಾಡಿನ ಸೀಮೆಯಲ್ಲಿ ನೆಲೆ ನಿಂತ ಜನ. ಊರು ಬಿಟ್ಟು ಬಂದವರ ಮುಂದೆ ಕಡಬಿನ ಹೆಸರನ್ನೂ ನೋಡಿ ಹೇಳಬೇಕು.

ಪಗೋಡಾದ ಬಗ್ಗೆ ಒಂದು ಮಾತು, ಮಾಸ್ತರಿಕೆಯ ಚಟ, ಕ್ಷಮಿಸು. ನೀನು ಮುಂದೆ ನಿಂತು ಫೋಟೋ ತೆಗೆಸಿಕೊಂಡ ಆ ಪಗೋಡಾವನ್ನು 652ರಲ್ಲಿ ಕಟ್ಟಿದ್ದು ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಭಾರತದಿಂದ ಒಯ್ದ ಗ್ರಂಥಗಳನ್ನು ಇಡುವುದಕ್ಕೆ. ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದವನು ಅವನೇ. ರಾಮದುರ್ಗ ದಾಟಿ ಮಲಪ್ರಭೆಯ ಜೊತೆ ಇಳಿದರೆ ಪುಲಕೇಶಿಯ ಬಾದಾಮಿ ಸೀಮೆ. ಹ್ಯೂಯೆನ್ ತ್ಸಾಂಗ್ ಭಾರತಕ್ಕೆ ಬರುವಾಗ ತುರ್ಫಾನದ ಗಾವೊಚಾಂಗ್‌ನಲ್ಲಿ ಅಲ್ಲಿಯ ಅರಸನ ಅತಿಥಿಯಾಗಿದ್ದ. ಆ ಊರಿನ ಅಸ್ತಾನಾ ಸ್ಮಶಾನದ ಗೋರಿಗಳಲ್ಲಿ, ಮರುಭೂಮಿಯ ಒಣ ಹವೆಗೆ ಕೆಡದೆ ಉಳಿದ ತಾಂಗ್ ಕಾಲದ ಕಡಬುಗಳು ಸಿಕ್ಕಿವೆ. ಅರ್ಧಚಂದ್ರದ ಆಕಾರ, ಅಂಚು ಹಿಂಡಿದ್ದೂ ಕಾಣುತ್ತದೆ. ಸತ್ತವರಿಗೆ ಎಡೆ ಇಟ್ಟದ್ದು, ನಾವು ಹಿರಿಯರಿಗೆ ಇಡುವ ಹಾಗೆ. ಆಯಿಗೆ ಹೇಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಬಾಯಿ ಬಿಟ್ಟಿಲ್ಲಲ್ಲ?”

ನೀನು ಮೊಟ್ಟೆ ಮತ್ತು ಈರುಳ್ಳಿಸೊಪ್ಪಿನಂಥದ್ದೇನೋ ತುಂಬಿದ ಕಡಬು ತಿಂದ ಸಾಲನ್ನು ಆಯಿಗೆ ಓದಿ ಹೇಳುವಾಗ ಬಿಟ್ಟುಬಿಟ್ಟಿದ್ದೇನೆ. ನಿನ್ನ ಮುಂದೆ ಆಕೆ ಏನಾದರೂ ಕೇಳಿದರೆ ಎಲೆಕೋಸು ಎಂದೇ ಹೇಳು.

ಸೀಗಿ ಹುಣ್ಣಿಮೆಗೆ ಇನ್ನು ಹದಿನಾಲ್ಕು ದಿನ. ಭೂಮಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗಬೇಕು. ಹೋದ ವರ್ಷ ಆಯಿಯ ಕೈ ಏಳದೆ ಪೇಟೆಯಿಂದ ತಂದ ಹೋಳಿಗೆಯನ್ನೇ ಕಲಸಿ ಚೆಲ್ಲಿದೆವು. ಎರೆ ಭೂಮಿ ಏನೂ ಅನ್ನಲಿಲ್ಲ, ಆಯಿ ಮೂರು ದಿನ ಮಾತಾಡಲಿಲ್ಲ. ಈ ವರ್ಷ ಹಾಗೆ ಆಗಗೊಡುವುದಿಲ್ಲ ಎಂದು ನಾನು ದಿನಾ ನಾಲ್ಕು ಕಡಬು ಮಾಡಿ ಕೈ ಕುದುರಿಸಿಕೊಳ್ಳುತ್ತಿದ್ದೇನೆ. ನಿನ್ನೆಯ ನಾಲ್ಕರಲ್ಲಿ ಒಂದೇ ಒಡೆಯಿತು. ಆದರೆ ಚರಗಕ್ಕೆ ಬರುವ ಮಂದಿ ಇಪ್ಪತ್ತು. ನಾನು ತುಂಬಬಹುದು, ಆಯಿ ಕೂತು ಹಿಂಡಬಹುದು, ಲಟ್ಟಿಸುವವರು ಬೇಕು. ನಿನ್ನ ಐದು ನೆರಿಗೆ ಸಾಕು, ಹದಿನಾಲ್ಕು ಬೇಡ. ಎರಡು ದಿನ ರಜೆ ಹಾಕಿ ರಾತ್ರಿ ಬಸ್ಸಿಗೆ ಹೊರಡು, ಬೆಳಿಗ್ಗೆ ಸ್ಟ್ಯಾಂಡಿಗೆ ನಾನು ಬರುತ್ತೇನೆ.

ಬರುವಾಗ ಆ ಚೀನಾದ ಸಣ್ಣ ಲಟ್ಟಣಿಗೆ ತಾ, ಮರೆಯಬೇಡ. ರೂಲುದೊಣ್ಣೆಯ ಒಂದು ತುದಿ ಸೀಳಿದೆ. ಆಯಿ ಒಳಗಿನಿಂದ ಇನ್ನೊಂದು ಮಾತು ಕೂಗಿ ಹೇಳುತ್ತಿದ್ದಾಳೆ: ಅವರು ಕಡಬಿಗೆ ಹಚ್ಚಿಕೊಳ್ಳುವ ಆ ಕರೀ ವಿನೆಗರ್ ಏನೂ ತರಬೇಡವಂತೆ, ಕಡಬಿಗೆ ತುಪ್ಪ ಕಾಸಿ ಇಟ್ಟಿದ್ದಾಳಂತೆ.

ನಿನ್ನ
ಅಜ್ಜ