ಹಾಡಿನಿಂದ ನೆನಪಿಗೆ, ನೆನಪಿನಿಂದ ಬರಹಕ್ಕೆ: ಒಂಬತ್ತನೇ ತರಗತಿಯ ಪ್ರಬಂಧ ಪಾಠವೊಂದರ ಅನುಭವ

ತರಗತಿ: ಒಂಬತ್ತು
ವಿಷಯ: ಕನ್ನಡ, ಪ್ರಬಂಧ ರಚನೆ
ಅವಧಿ: ತಲಾ 40 ನಿಮಿಷದ ಎರಡು ಅವಧಿಗಳು, ನಡುವೆ ಮೂರು ದಿನಗಳ ಅಂತರ
ಸಾಮಗ್ರಿ: ಮೊಬೈಲ್, ಸಣ್ಣ ಸ್ಪೀಕರ್, ಸಂದರ್ಶನ ಚೀಟಿ

ಹಿನ್ನೆಲೆ

ಬೋಧನಾಭ್ಯಾಸಕ್ಕೆಂದು ಎಂ.ಸಿ.ಸಿ. ಬಡಾವಣೆಯ ಪ್ರೌಢಶಾಲೆಯೊಂದಕ್ಕೆ ಹೋದ ಮೊದಲ ವಾರ, ‘ಸ್ನೇಹ’ ಎಂಬ ವಿಷಯದ ಮೇಲೆ ಮಕ್ಕಳು ಹಿಂದೆ ಬರೆದಿದ್ದ ಪ್ರಬಂಧಗಳನ್ನು ಓದಿದೆ. ಹೆಚ್ಚಿನವು ಒಂದೇ ದಾರಿ ಹಿಡಿದಿದ್ದವು. ಮೊದಲು ಸ್ನೇಹದ ವ್ಯಾಖ್ಯಾನ, ಆಮೇಲೆ ಕೃಷ್ಣ–ಕುಚೇಲ, ಕರ್ಣ–ದುರ್ಯೋಧನ, ಕೊನೆಗೆ ಉಪಸಂಹಾರ. ಕಾಗುಣಿತ ಸರಿಯಿತ್ತು, ವಾಕ್ಯವೂ ಸರಿಯಿತ್ತು. ಆದರೆ ಯಾವ ಪ್ರಬಂಧದಲ್ಲೂ ಒಬ್ಬ ಗೆಳೆಯನ ಹೆಸರಿರಲಿಲ್ಲ, ಒಂದು ಬೀದಿಯ ಹೆಸರಿರಲಿಲ್ಲ. ಬರೆದವರ ಹೆಸರು ಮುಚ್ಚಿಟ್ಟರೆ ಯಾವುದು ಯಾರದೆಂದು ಹೇಳುವಂತಿರಲಿಲ್ಲ.

ಮಕ್ಕಳಿಗೆ ಅನುಭವದ ಕೊರತೆ ಇರಲಿಲ್ಲ. ಅನುಭವವನ್ನು ಎತ್ತಿ ಕೊಡುವ ಸುಳಿವು ಬೇಕಾಗಿತ್ತು. ಆ ಸುಳಿವಾಗಿ ನಾನು ಹಾಡನ್ನು ಆರಿಸಿಕೊಂಡೆ.

ಹಾಡನ್ನೇ ಏಕೆ?

ಒಂದು ಸಂಗತಿ ಮನಸ್ಸಿನಲ್ಲಿ ದಾಖಲಾಗುವಾಗ ಸುತ್ತ ಇದ್ದ ವಿವರಗಳೂ ಅದರೊಡನೆ ಸೇರಿಕೊಳ್ಳುತ್ತವೆ. ಮುಂದೆ ಆ ವಿವರ ಎದುರಾದರೆ ಸಂಗತಿಯೂ ಏಳುತ್ತದೆ. ಟಲ್ವಿಂಗ್ ಮತ್ತು ಥಾಮ್ಸನ್ 1973ರಲ್ಲಿ ಇದನ್ನು ಒಂದು ತತ್ವವಾಗಿ ಮಂಡಿಸಿದರು. ಹಾಡು ಇಂಥ ವಿವರಗಳಲ್ಲಿ ವಿಶೇಷವಾದುದು. ವರ್ಷಗಳ ನಂತರವೂ ಅದೇ ದನಿ, ಅದೇ ರಾಗ, ಅದೇ ವಾದ್ಯದೊಂದಿಗೆ ಮತ್ತೆ ಕಿವಿಗೆ ಬೀಳುತ್ತದೆ.

ನಡುವಯಸ್ಸು ದಾಟಿದವರನ್ನು ಬದುಕಿನ ನೆನಪುಗಳನ್ನು ಹೇಳಿ ಎಂದು ಕೇಳಿದರೆ, ಸುಮಾರು 10ರಿಂದ 30 ವಯಸ್ಸಿನ ನಡುವಿನವು ಹೆಚ್ಚಾಗಿ ಬರುತ್ತವೆ. ಇದನ್ನು ‘ನೆನಪಿನ ಉಬ್ಬು’ ಎನ್ನಬಹುದು. ಮೊದಲ ಗೆಳೆತನ, ಮೊದಲ ಊರು ಬಿಡುವಿಕೆ, ಮೊದಲ ಸಂಬಳ ಇವೆಲ್ಲ ಆ ಅವಧಿಯವೇ. ಪೀಟರ್ ಯನಾಟಾ ಮತ್ತು ಸಂಗಡಿಗರು 2007ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಹಳೆಯ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿದಾಗ, ಸರಾಸರಿ ಶೇ. 30ರಷ್ಟು ತುಣುಕುಗಳು ಸ್ವಂತ ಬದುಕಿನ ನೆನಪನ್ನು ತಂದವು. ಕ್ರುಮ್‌ಹ್ಯಾನ್ಸಲ್ ಮತ್ತು ಜುಪ್ನಿಕ್ 2013ರಲ್ಲಿ ಇನ್ನೊಂದನ್ನು ತೋರಿಸಿದರು. ಇಪ್ಪತ್ತರ ಆಸುಪಾಸಿನವರಿಗೆ ತಮ್ಮ ಕಾಲದ ಹಾಡುಗಳ ಜೊತೆಗೆ ತಂದೆತಾಯಿಯ ಹರೆಯದ ಹಾಡುಗಳೂ ಹತ್ತಿರವಾಗಿದ್ದವು. ಮನೆಯಲ್ಲಿ ಕೇಳಿ ಬೆಳೆದದ್ದು ಕಾರಣವಿರಬಹುದು. ಈ ಎರಡನೆಯ ಮಾತು ನನ್ನ ಪಾಠಕ್ಕೆ ಆಧಾರವಾಯಿತು. ಮಕ್ಕಳು ಮೊದಲು ಹಿರಿಯರ ಹರೆಯವನ್ನು ಕೇಳಲಿ, ಆಮೇಲೆ ತಮ್ಮದನ್ನು ಬರೆಯಲಿ ಎಂದು ಯೋಜಿಸಿದೆ.

ಮೊದಲ ಅವಧಿ

ತೊಡಗಿಸಿಕೊಳ್ಳುವ ಹಂತದಲ್ಲಿ ಮೂರು ತಲೆಮಾರಿನ ಮೂರು ಹಾಡುಗಳನ್ನು ತಲಾ ಒಂದು ನಿಮಿಷ ಕೇಳಿಸಿದೆ. ದೃಶ್ಯ ತೋರಿಸಲಿಲ್ಲ. ದೃಶ್ಯ ಬಂದರೆ ಮಕ್ಕಳು ನಟನನ್ನು ನೋಡುತ್ತಾರೆ, ತಮ್ಮೊಳಗೆ ನೋಡುವುದಿಲ್ಲ. 1972ರ ‘ನಾಗರಹಾವು’ ಚಿತ್ರದ್ದು ಮೊದಲನೆಯದು. ಪಕ್ಕದ ಚಿತ್ರದುರ್ಗದ ಕೋಟೆಯಲ್ಲಿ ಚಿತ್ರೀಕರಣಗೊಂಡ ಸಿನಿಮಾ, ಆದ್ದರಿಂದ ನಮ್ಮ ಕಡೆಯ ಅಜ್ಜ–ಅಜ್ಜಿಯರಿಗೆ ಅದು ಮನೆಯ ಚಿತ್ರವಿದ್ದಂತೆ. ಎರಡನೆಯದು 1987ರ ‘ಪ್ರೇಮಲೋಕ’ದ್ದು, ಹಂಸಲೇಖ ಅವರ ಸಂಗೀತ. ಮೂರನೆಯದು 2006ರ ‘ಮುಂಗಾರು ಮಳೆ’ಯದು. ಮೂರನೆಯದಕ್ಕೆ ಇಡೀ ತರಗತಿ ದನಿಗೂಡಿಸಿತು. “ನಮ್ಮಪ್ಪನ ಫೋನ್ ರಿಂಗ್‌ಟೋನು ಸಾರ್ ಅದು” ಎಂದ ಒಬ್ಬ ಹುಡುಗ.

ನಂತರ ಹಾಡು ಕೇಳುವ ಸಾಧನ ಬದಲಾದ ಬಗೆಯನ್ನು ಚರ್ಚಿಸಿದೆವು. ಭದ್ರಾವತಿ ಆಕಾಶವಾಣಿ 1965ರಲ್ಲಿ ಆರಂಭವಾಯಿತು. ಮನೆಯಲ್ಲಿ ರೇಡಿಯೊ ಇಲ್ಲದವರು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂದ ಮೇಲೆ ಭಾವಗೀತೆಯೂ ಕ್ಯಾಸೆಟ್ಟಿನಲ್ಲಿ ಮನೆ ಸೇರಿತು. ಮುಂದೆ ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳ ಪಟ್ಟಿಯನ್ನು ಅಂಗಡಿಗೆ ಕೊಟ್ಟು ತುಂಬಿಸಿಕೊಳ್ಳುವ ಕಾಲ ಬಂತು. ನಾಲ್ವರು ಗೆಳೆಯರು ದುಡ್ಡು ಹಾಕಿದರೆ ಒಂದು ಕ್ಯಾಸೆಟ್. ಪಟ್ಟಿಯಲ್ಲಿ ಯಾರ ಹಾಡು ಮೊದಲು ಎಂಬುದಕ್ಕೆ ಜಗಳ. ಇಲ್ಲಿ ಮಕ್ಕಳೇ ಒಂದು ಅಂಶ ಗುರುತಿಸಿದರು: ಆಗ ಹಾಡು ಕೇಳಬೇಕೆಂದರೆ ಜೊತೆಗೆ ಯಾರಾದರೂ ಇರುತ್ತಿದ್ದರು, ಈಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಒಬ್ಬರೇ.

ಗೃಹಪಾಠವಾಗಿ ಸಂದರ್ಶನ ಚೀಟಿ ಕೊಟ್ಟೆ. ಮನೆಯ ಒಬ್ಬ ಹಿರಿಯರನ್ನು ಐದು ಪ್ರಶ್ನೆ ಕೇಳಬೇಕು: ಹರೆಯದ ಒಂದು ಹಾಡು ಯಾವುದು? ಎಲ್ಲಿ ಕೇಳಿದಿರಿ? ಜೊತೆಗೆ ಯಾರಿದ್ದರು? ಆಗ ಸುತ್ತ ಏನು ಕಾಣುತ್ತಿತ್ತು, ಏನು ವಾಸನೆ ಇತ್ತು? ಆ ಗೆಳೆಯರು ಈಗ ಎಲ್ಲಿದ್ದಾರೆ?

ಎರಡನೆಯ ಅವಧಿ

ಚೀಟಿಗಳು ಬಂದವು. ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದ್ದ ಅಜ್ಜನೊಬ್ಬರು, ಪಾಳಿ ಮುಗಿಸಿ ಐದು ಮಂದಿ ಒಟ್ಟಿಗೆ ಅಶೋಕ ಟಾಕೀಸಿಗೆ ಎರಡನೇ ಆಟಕ್ಕೆ ಹೋಗುತ್ತಿದ್ದುದನ್ನು, ತಲೆಗೂದಲಲ್ಲಿ ಹತ್ತಿ ಎಳೆ ಹಾಗೇ ಇರುತ್ತಿದ್ದುದನ್ನು ಹೇಳಿದ್ದರು. ಒಬ್ಬ ಅಜ್ಜಿಗೆ ಸಿನಿಮಾ ಹಾಡಿಗಿಂತ ಕೆ.ಬಿ.ಆರ್. ಡ್ರಾಮಾ ಕಂಪನಿಯ ರಂಗಗೀತೆ ನೆನಪಿತ್ತು. ಚಿಂದೋಡಿ ಲೀಲಾ ಅವರನ್ನು ನೋಡಲು ಗೆಳತಿಯರೊಡನೆ ಚಕ್ಕಡಿಯಲ್ಲಿ ಬಂದಿದ್ದರಂತೆ.

ಒಬ್ಬ ವಿದ್ಯಾರ್ಥಿನಿಯ ಚೀಟಿ ಮಾತ್ರ ಖಾಲಿ ಇತ್ತು. ಅವಳ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. “ನಂಗೆಲ್ಲಿ ಹಾಡು, ನಂಗೆಲ್ಲಿ ಗೆಳತೇರು? ಏಳನೇತ್ತಿಗೇ ಸ್ಕೂಲು ಬಿಡಿಸಿದ್ರು” ಎಂದು ಅಷ್ಟಕ್ಕೇ ಮುಗಿಸಿದ್ದರು. ಅದೇ ಮಾತನ್ನು ಚೀಟಿಯ ಹಿಂದೆ ಬರೆದುಕೊಂಡು ಬರಲು ಹೇಳಿದೆ. ಅದೂ ಒಂದು ಉತ್ತರವೇ ಎಂದೆ. ತರಗತಿಯಲ್ಲಿ ಓದಿಸಲಿಲ್ಲ.

ಎರಡು ದಿನ ಬಿಟ್ಟು ಆ ಹುಡುಗಿ ಎರಡು ಪುಟ ಬರೆದು ತಂದಳು. ಶಾಲೆಯ ಬೆಳಗಿನ ಪ್ರಾರ್ಥನೆ ಹೇಳಿಕೊಡುವ ಸರದಿ ಅವಳದಾಗಿದ್ದರಿಂದ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಒಂದು ಸಾಲಿನಲ್ಲಿ ತಡವರಿಸಿದಾಗ ಒಲೆಯ ಮುಂದಿದ್ದ ತಾಯಿ ಮುಂದಿನ ಸಾಲು ಹೇಳಿದರು. ಹೇಳುತ್ತ ಕೊನೆಯವರೆಗೂ ಹೋದರು. ತಮ್ಮೂರ ಶಾಲೆಯಲ್ಲೂ ಅದೇ ಪ್ರಾರ್ಥನೆ. ಮುಂದೆ ನಿಂತು ಹೇಳಿಕೊಡುತ್ತಿದ್ದವರು ಇಬ್ಬರೇ, ಅವರು ಮತ್ತು ಅವರ ಗೆಳತಿ. ಗೆಳತಿಗೆ ದನಿ ಇತ್ತು, ಇವರಿಗೆ ಸಾಲುಗಳು ಬಾಯಿಗೆ ಬರುತ್ತಿದ್ದವು. ಶಾಲೆ ಬಿಟ್ಟ ಮೇಲೆ ಇಬ್ಬರೂ ಮತ್ತೆ ಭೇಟಿಯಾಗಿಲ್ಲ. ಹುಡುಗಿ ಕೊನೆಗೆ ಬರೆದಿದ್ದಳು: “ನಮ್ಮಮ್ಮ ಎಂಟನೇ ಕ್ಲಾಸಿಗೆ ಹೋಗಿದ್ದರೆ ಪ್ರಾರ್ಥನೆ ಹೇಳಿಕೊಡಲು ಇನ್ನೊಂದು ವರ್ಷ ಸಿಗುತ್ತಿತ್ತು.”

ಹಾಡೆಂದರೆ ಸಿನಿಮಾ, ರೇಡಿಯೊ, ಕ್ಯಾಸೆಟ್ ಎಂದೇ ಈ ಪಾಠ ಹೊರಟಿತ್ತು. ಹರೆಯವೇ ಸಿಗದೆ ನೇರವಾಗಿ ದುಡಿಮೆಗೆ ಇಳಿದವರಿಗೆ ಶಾಲೆಯ ಪ್ರಾರ್ಥನೆಯೇ ಗೆಳೆತನದ ಹಾಡಾಗಿ ಉಳಿದಿರಬಹುದು. ನಾವು ಹಾಜರಿ ಪುಸ್ತಕ ತಿರುವುತ್ತ ಮುಗಿಸುವ ಆ ಐದು ನಿಮಿಷವನ್ನು ಪ್ರಶಿಕ್ಷಣಾರ್ಥಿಗಳು ಗಮನದಿಂದ ನಡೆಸಬೇಕೆಂದು ಇದರಿಂದ ನನಗೆ ಮನವರಿಕೆಯಾಯಿತು.

ಬರಹ ಮತ್ತು ಮೌಲ್ಯಮಾಪನ

ಕೊನೆಯ ಹಂತದಲ್ಲಿ ಮಕ್ಕಳು ತಮ್ಮದೇ ಒಂದು ಹಾಡು ಮತ್ತು ಒಬ್ಬ ಸ್ನೇಹಿತರ ಬಗ್ಗೆ ಒಂದು ಪುಟ ಬರೆದರು. ಅಂಕಕ್ಕೆ ನಾಲ್ಕು ಮಾನದಂಡಗಳನ್ನು ಮೊದಲೇ ಹಲಗೆಯ ಮೇಲೆ ಬರೆದಿದ್ದೆ: ನಿರ್ದಿಷ್ಟ ಸ್ಥಳ ಮತ್ತು ಸಮಯ, ಕಣ್ಣು–ಕಿವಿ–ಮೂಗಿಗೆ ಸಿಕ್ಕ ವಿವರ, ಘಟನೆಯ ಕ್ರಮ, ಭಾಷಾಶುದ್ಧಿ. ನೆನಪು ಸುಖದ್ದೋ ದುಃಖದ್ದೋ ಎಂಬುದಕ್ಕೆ ಅಂಕವಿಲ್ಲ. ‘ಸ್ನೇಹ ಅಮೂಲ್ಯವಾದುದು’ ಎಂದು ಆರಂಭವಾದ ಪ್ರಬಂಧ ಈ ಬಾರಿ ಒಂದೂ ಇರಲಿಲ್ಲ. ಮಾಮಾಸ್ ಜಾಯಿಂಟ್ ರಸ್ತೆಯಲ್ಲಿ ಸೈಕಲ್ ಚೈನು ಕಳಚಿದ್ದು, ಬೆಣ್ಣೆದೋಸೆಯನ್ನು ಮೂವರು ಹಂಚಿಕೊಂಡದ್ದು ಬಂದಿದ್ದವು.

ಸಹಪಾಠಿಗಳಿಗೆ ಸೂಚನೆಗಳು

1. ನೆನಪು ಕೆಲವೊಮ್ಮೆ ಅಳು ತರುತ್ತದೆ. ತೀರಿಹೋದವರ ಹಾಡು ಬರಬಹುದು. ಓದುವುದು ಐಚ್ಛಿಕ ಎಂದು ಮೊದಲೇ ಹೇಳಿ. ತರಗತಿಯ ಮುಂದೆ ಒತ್ತಾಯ ಬೇಡ.
2. ಹಾಡು ಒಂದು ನಿಮಿಷ ಸಾಕು. ಪೂರ್ತಿ ಕೇಳಿಸಿದರೆ ಅವಧಿ ಮನರಂಜನೆಯಾಗುತ್ತದೆ.
3. ಉರ್ದು, ಲಂಬಾಣಿ, ತೆಲುಗು ಮನೆಮಾತಿನ ಮಕ್ಕಳು ಆ ಭಾಷೆಯ ಹಾಡನ್ನೇ ಆರಿಸಲಿ. ಬರಹ ಕನ್ನಡದಲ್ಲಿದ್ದರಾಯಿತು.
4. ‘ಹಾಡೇ ಇಲ್ಲ’ ಎನ್ನುವವರಿಗೆ ಲಾಲಿ, ಸೋಬಾನೆ, ಭಜನೆ, ಪ್ರಾರ್ಥನೆ, ಜಾತ್ರೆಯ ಡೊಳ್ಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆಂದು ಮೊದಲ ಅವಧಿಯಲ್ಲೇ ತಿಳಿಸಿ.
5. ಸಮಾಜ ವಿಜ್ಞಾನದವರು ಇದೇ ಚೀಟಿಗಳಿಂದ ಸ್ಥಳೀಯ ಇತಿಹಾಸದ ಪಾಠ ಮಾಡಬಹುದು. ಗಿರಣಿ, ಟಾಕೀಸು, ನಾಟಕ ಕಂಪನಿ ಮೂರೂ ಅವುಗಳಲ್ಲಿ ಸಿಗುತ್ತವೆ.

ಮಕ್ಕಳ ಒಪ್ಪಿಗೆ ಪಡೆದು ಆ ಬರಹಗಳನ್ನು ಕೈಬರಹ ಪತ್ರಿಕೆಯಾಗಿ ಹೊಲಿದು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇವೆ. ಮಂಡಕ್ಕಿ ಭಟ್ಟಿಯ ತಾಯಿಯ ಎರಡು ಪುಟಗಳನ್ನು ಸೇರಿಸಲು ಮಗಳು ಅವರನ್ನು ಕೇಳಿ ಬಂದಳು. ಗೆಳತಿಯ ಹೆಸರನ್ನೂ ಹಾಕಬೇಕೆಂಬುದು ಅವರ ಷರತ್ತಾಗಿತ್ತು, ಹಾಕಿದ್ದೇವೆ.